ಡೋನಟ್ ಕಾಲದಲ್ಲಿ ಅಜ್ಜಿಯ ಕಜ್ಜಾಯ

ಡೋನಟ್ ತಿನ್ನಬೇಕು ಅನ್ನಿಸಿದ್ರೆ ಮೊಬೈಲ್‌ನಲ್ಲಿ ಆರ್ಡರ್ ಮಾಡಿದರಾಯ್ತು, ಬಾಗಿಲಿಗೇ ಬರುತ್ತೆ. ಆದರೆ ಕರಿದ ಸಿಹಿ ಅಂದ ಕೂಡಲೇ ನನಗೆ ನೆನಪಾಗೋದು ದೀಪಾವಳಿಯ ಕಜ್ಜಾಯ.

ವಿಜಯನಗರದ ನಮ್ಮ ಮನೆಯಲ್ಲಿ ಹಬ್ಬಕ್ಕೆ ಎರಡು ದಿನ ಮೊದಲೇ ಅಕ್ಕಿ ನೆನೆಯುತ್ತಿತ್ತು. ನೀರು ಬಸಿದು, ನೆರಳಲ್ಲಿ ಬಟ್ಟೆಯ ಮೇಲೆ ಹರವಿ, ಇನ್ನೂ ತೇವ ಇರುವಾಗಲೇ ಮಿಲ್ಲಿಗೆ ಒಯ್ಯುವ ಕೆಲಸ ನನ್ನದು. ಒಂದು ಲೋಟ ಅಕ್ಕಿಗೆ ಮುಕ್ಕಾಲು ಲೋಟ ಬೆಲ್ಲ, ಜೊತೆಗೆ ಗಸಗಸೆ, ಏಲಕ್ಕಿ. ಲೆಕ್ಕ ಇಷ್ಟೇ.

ಕಷ್ಟ ಇರೋದು ಪಾಕದಲ್ಲಿ. ಅಜ್ಜಿ ನೀರಿನ ಬಟ್ಟಲಿಗೆ ಒಂದು ತೊಟ್ಟು ಪಾಕ ಬಿಟ್ಟು ಬೆರಳಲ್ಲಿ ಉರುಳಿಸೋರು. ಮೆತ್ತಗೆ ಉಂಡೆಯಾದರೆ ಹದ ಸರಿ. ಎಳೆಯದಾದರೆ ಕಜ್ಜಾಯ ಎಣ್ಣೆಯಲ್ಲಿ ಒಡೆದುಹೋಗುತ್ತೆ, ಹದ ಮೀರಿದರೆ ಕಲ್ಲಾಗುತ್ತೆ. ಕಲಸಿದ ಹಿಟ್ಟನ್ನು ಒಂದು ದಿನ ಹಾಗೇ ಬಿಟ್ಟು, ಬಾಳೆಎಲೆಯ ಮೇಲೆ ತಟ್ಟಿ, ಸಣ್ಣ ಉರಿಯಲ್ಲಿ ಕರಿದು, ಎರಡು ಸೌಟುಗಳ ನಡುವೆ ಒತ್ತಿ ಎಣ್ಣೆ ಇಳಿಸೋರು. ಕೇದಾರಗೌರಿ ವ್ರತಕ್ಕೆ 21 ಎತ್ತಿಟ್ಟ ಮೇಲೆಯೇ ನಮ್ಮ ಪಾಲು.

ಈಗ ಅಜ್ಜಿ ಇಲ್ಲ. ಅಮ್ಮನಿಗೂ ಒಲೆ ಮುಂದೆ ಹೆಚ್ಚು ಹೊತ್ತು ನಿಲ್ಲೋಕಾಗಲ್ಲ. ಹತ್ತಿರದ ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಕಜ್ಜಾಯ ಸಿಗುತ್ತೆ, ರುಚಿಯೂ ಪರವಾಗಿಲ್ಲ. ಪಾಕದ ಹದ ಮಾತ್ರ ಅಲ್ಲಿ ಸಿಗಲ್ಲ. ಎಷ್ಟು ವಿಡಿಯೊ ನೋಡಿದರೂ ಅದು ಬೆರಳಿಗೇ ಗೊತ್ತಾಗಬೇಕು. ಅದಕ್ಕೇ ಕಳೆದ ವರ್ಷದಿಂದ ಹಬ್ಬದ ಹಿಂದಿನ ದಿನ ಆಫೀಸಿಗೆ ರಜೆ ಹಾಕಿ, ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಪಾಕ ನಾನೇ ನೋಡ್ತೀನಿ.

ನಿಮ್ಮ ಮನೆಯಲ್ಲೂ ಹದ ಬಲ್ಲ ಕೈ ಒಂದಿದ್ದರೆ, ಈ ಹಬ್ಬಕ್ಕೇ ಪಕ್ಕದಲ್ಲಿ ಹೋಗಿ ನಿಲ್ಲಿ.