ಗುಪ್ತಾಂಗದ ಚರ್ಮ: ಸಹಜ ಯಾವುದು, ಕಾಯಿಲೆ ಯಾವುದು?

ಪ್ರೌಢಶಾಲೆಯಲ್ಲಿ ಸಂತಾನೋತ್ಪತ್ತಿಯ ಪಾಠ ಬಂದಾಗ ಚಿತ್ರದ ಭಾಗಗಳನ್ನು ಹೆಸರಿಸಿ ಮುಂದಕ್ಕೆ ಹೋಗುವುದೇ ರೂಢಿ. ಆದರೆ ಹದಿನಾರರ ಹುಡುಗನೊಬ್ಬನಿಗೆ ಸ್ನಾನ ಮಾಡುವಾಗ ಶಿಶ್ನದ ಮೇಲೆ ಸಣ್ಣ ಗುಳ್ಳೆಗಳ ಸಾಲು ಕಂಡರೆ ಅವನು ಯಾರನ್ನು ಕೇಳಬೇಕು? ತಂದೆಗೆ ಹೇಳಲು ಸಂಕೋಚ, ಶಿಕ್ಷಕರನ್ನು ಕೇಳಲು ಭಯ. ಕೊನೆಗೆ ಗೋಡೆಯ ಮೇಲಿನ ‘ಗುಪ್ತರೋಗಕ್ಕೆ ಖಚಿತ ಚಿಕಿತ್ಸೆ’ ಎಂಬ ಜಾಹೀರಾತೇ ಅವನಿಗೆ ದಾರಿಯಾಗುತ್ತದೆ. ಇಲ್ಲದ ಕಾಯಿಲೆಗೆ ಹಣ ಕಳೆದುಕೊಳ್ಳುವವರು ಒಂದು ಕಡೆ. ಇರುವ ಕಾಯಿಲೆಯನ್ನು ನಾಚಿಕೆಯಿಂದ ಮುಚ್ಚಿಟ್ಟು ಬೆಳೆಸಿಕೊಳ್ಳುವವರು ಇನ್ನೊಂದು ಕಡೆ. ಎರಡನ್ನೂ ತಪ್ಪಿಸಲು ಈ ಭಾಗದ ಚರ್ಮದ ಬಗ್ಗೆ ಸ್ವಲ್ಪ ತಿಳಿವಳಿಕೆ ಬೇಕು.

ಸಹಜವಾದವು

ಹರೆಯದಲ್ಲಿ ಹಾರ್ಮೋನುಗಳ ಪ್ರಭಾವದಿಂದ ಶಿಶ್ನ ಮತ್ತು ವೃಷಣಚೀಲದ ಚರ್ಮ ದೇಹದ ಉಳಿದ ಭಾಗಕ್ಕಿಂತ ಕಪ್ಪಾಗುತ್ತದೆ. ಕೆಳಭಾಗದಲ್ಲಿ ಉದ್ದಕ್ಕೂ ಹೊಲಿಗೆ ಹಾಕಿದಂತೆ ಕಾಣುವ ಗೆರೆಯು, ಭ್ರೂಣಾವಸ್ಥೆಯಲ್ಲಿ ಎಡ ಬಲದ ಮಡಿಕೆಗಳು ಕೂಡಿಕೊಂಡದ್ದರ ಗುರುತು. ಇವೆರಡೂ ಕಾಯಿಲೆಯಲ್ಲ.

ಶಿಶ್ನದ ತುದಿಯ ಅಂಚಿನ ಸುತ್ತ ಮುತ್ತು ಪೋಣಿಸಿದಂತೆ ಒಂದೆರಡು ಸಾಲುಗಳಲ್ಲಿ ಚಿಕ್ಕ ಗುಳ್ಳೆಗಳು ಕಾಣಿಸಬಹುದು. ಇವು ಗಾತ್ರದಲ್ಲಿ ಸುಮಾರು 1ರಿಂದ 3 ಮಿಲಿಮೀಟರು. ಎಲ್ಲವೂ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತವೆ. ರಕ್ತನಾಳ ಮತ್ತು ಸಂಯೋಜಕ ಅಂಗಾಂಶದಿಂದಾದ ಇವು ಕೊಳಕಿನಿಂದಾಗಲಿ, ಲೈಂಗಿಕ ಸಂಪರ್ಕದಿಂದಾಗಲಿ ಬಂದವಲ್ಲ, ಅಂಟುವುದೂ ಇಲ್ಲ.

ಚರ್ಮವನ್ನು ಎಳೆದು ಹಿಡಿದಾಗ ಕಾಣುವ ಹಳದಿ ಮಿಶ್ರಿತ ಬಿಳಿ ಚುಕ್ಕೆಗಳು ತೈಲಗ್ರಂಥಿಗಳು. ಸಾಮಾನ್ಯವಾಗಿ ತೈಲಗ್ರಂಥಿ ಕೂದಲಿನ ಬುಡದಲ್ಲಿರುತ್ತದೆ. ಇಲ್ಲಿ ಕೂದಲಿಲ್ಲದೆ ಇರುವುದರಿಂದ ಚುಕ್ಕೆಯಾಗಿ ಕಾಣುತ್ತದೆ. ತುಟಿಯ ಮೇಲೂ ಇಂಥವೇ ಚುಕ್ಕೆಗಳನ್ನು ನೋಡಬಹುದು. 1896ರಲ್ಲಿ ಇವನ್ನು ವಿವರಿಸಿದ ಅಮೆರಿಕದ ಚರ್ಮವೈದ್ಯ ಜಾನ್ ಫೋರ್ಡೈಸ್ ಅವರ ಹೆಸರಿನಿಂದ ‘ಫೋರ್ಡೈಸ್ ಚುಕ್ಕೆ’ ಎನ್ನುತ್ತಾರೆ. ವಯಸ್ಸಾದವರ ವೃಷಣಚೀಲದ ಮೇಲಿನ ಕೆಂಪು-ನೇರಳೆ ಬಣ್ಣದ ಚಿಕ್ಕ ಗುಳ್ಳೆಗಳನ್ನೂ ಅವರೇ ವಿವರಿಸಿದರು. ಇವು ಹಿಗ್ಗಿದ ಸೂಕ್ಷ್ಮ ರಕ್ತನಾಳಗಳು. ಕೆರೆದರೆ ರಕ್ತ ಬರಬಹುದು, ಬೇರೆ ತೊಂದರೆಯಿಲ್ಲ.

ಗಮನ ಕೊಡಬೇಕಾದವು

ಮೇಲಿನ ಸಾಲುಗುಳ್ಳೆಗಳನ್ನು ಹಲವರು ನರುಲಿ ಎಂದು ಭಾವಿಸುತ್ತಾರೆ. ನರುಲಿಗಳು ಸಾಲಾಗಿರುವುದಿಲ್ಲ. ಒಂದು ಚಿಕ್ಕದು, ಒಂದು ದೊಡ್ಡದು, ಮೇಲ್ಮೈ ಒರಟು, ಕೆಲವೊಮ್ಮೆ ಹೂಕೋಸಿನಂತೆ ಬೆಳೆಯುತ್ತವೆ. ಇವುಗಳಿಗೆ ಕಾರಣ ಮಾನವ ಪ್ಯಾಪಿಲೋಮ ವೈರಸ್. ಈ ಭಾಗದ ನರುಲಿಗಳಲ್ಲಿ ಸುಮಾರು ಶೇಕಡ 90ರಷ್ಟು 6 ಮತ್ತು 11ನೆಯ ಬಗೆಯ ವೈರಸ್‌ಗಳಿಂದ ಬರುತ್ತವೆ. ಇದೇ ಗುಂಪಿನ 16ನೆಯ ಬಗೆ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಈ ಮೂರು ಬಗೆಗಳನ್ನೂ ತಡೆಯುವ ಲಸಿಕೆಗಳು ಇವೆ. ಗಂಡುಮಕ್ಕಳಿಗೂ ಅವನ್ನು ಹಾಕಿಸಬಹುದು.

ಗೊಂಚಲು ಗೊಂಚಲಾಗಿ ಉರಿಯುವ ನೀರುಗುಳ್ಳೆ ಎದ್ದು, ಒಡೆದು ಹುಣ್ಣಾದರೆ ಅದು ಹರ್ಪಿಸ್ ಇರಬಹುದು. ಈ ವೈರಸ್ ನರಕೋಶಗಳಲ್ಲಿ ಅಡಗಿ ಕುಳಿತು ಮತ್ತೆ ಮತ್ತೆ ಮರುಕಳಿಸುತ್ತದೆ. ರಾತ್ರಿ ಹೆಚ್ಚುವ ತುರಿಕೆ, ಮನೆಯವರಿಗೂ ಅದೇ ತೊಂದರೆ ಎಂದರೆ ಕಜ್ಜಿಯ ಸಂಶಯ. ಮುಂದೊಗಲು ಕೆಂಪಾಗಿ, ಬಿರುಕುಬಿಟ್ಟು, ಬಿಳಿಯ ಪದರ ಕಟ್ಟುತ್ತಿದ್ದರೆ ಅದು ಕ್ಯಾಂಡಿಡ ಎಂಬ ಶಿಲೀಂಧ್ರದ ಸೋಂಕಾಗಿರಬಹುದು. ಇದು ಪದೇ ಪದೇ ಬಂದರೆ ರಕ್ತದ ಸಕ್ಕರೆಯನ್ನು ಪರೀಕ್ಷಿಸಬೇಕು. ಎಷ್ಟೋ ಮಂದಿಗೆ ಸಿಹಿಮೂತ್ರ ರೋಗ ಇರುವುದು ತಿಳಿಯುವುದೇ ಹೀಗೆ. ಕೆಲವರಿಗೆ ಯಾವುದೋ ಒಂದು ಮಾತ್ರೆ ನುಂಗಿದಾಗಲೆಲ್ಲ ಅದೇ ಜಾಗದಲ್ಲಿ ಕೆಂಪು ಮಚ್ಚೆ ಎದ್ದು, ಆಮೇಲೆ ಕಪ್ಪು ಕಲೆಯಾಗಿ ಉಳಿಯುತ್ತದೆ. ಇದು ಸೋಂಕಲ್ಲ, ಔಷಧದ ಒಗ್ಗದಿಕೆ.

ನೋವಿಲ್ಲದ ಹುಣ್ಣು

ನೋವಿದ್ದರೆ ಕಾಯಿಲೆ, ನೋವಿಲ್ಲದಿದ್ದರೆ ಅಪಾಯವಿಲ್ಲ ಎಂಬ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ. ಸಿಫಿಲಿಸ್‌ನ ಮೊದಲ ಗುರುತು ಸಾಮಾನ್ಯವಾಗಿ ನೋವಿಲ್ಲದ, ಅಂಚು ಗಟ್ಟಿಯಾದ ಒಂದೇ ಒಂದು ಹುಣ್ಣು. ಸೋಂಕು ತಗಲಿದ 10ರಿಂದ 90 ದಿನಗಳೊಳಗೆ ಇದು ಕಾಣಿಸಿಕೊಳ್ಳುತ್ತದೆ. ಏನೂ ಮಾಡದಿದ್ದರೂ 3ರಿಂದ 6 ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ. ಆಗ ರೋಗಿಯು ಗುಣವಾಯಿತೆಂದು ನೆಮ್ಮದಿಪಡುತ್ತಾನೆ. ಎಣ್ಣೆಯನ್ನೋ ಬೇರನ್ನೋ ಕೊಟ್ಟ ನಕಲಿ ವೈದ್ಯನಿಗೆ ಹೆಸರು ಬರುತ್ತದೆ. ಆದರೆ 1905ರಲ್ಲಿ ಜರ್ಮನಿಯ ಶಾಡಿನ್ ಮತ್ತು ಹಾಫ್‌ಮನ್ ಕಂಡುಹಿಡಿದ ಅದರ ಸುರುಳಿಯಾಕಾರದ ಬ್ಯಾಕ್ಟೀರಿಯ ಆಗಲೇ ರಕ್ತದ ಮೂಲಕ ದೇಹವೆಲ್ಲ ಹರಡಿರುತ್ತದೆ. ಮುಂದೆ ಅಂಗೈ, ಅಂಗಾಲುಗಳಲ್ಲಿ ದದ್ದು ಬರಬಹುದು. ವರ್ಷಗಳ ನಂತರ ಹೃದಯ ಮತ್ತು ಮಿದುಳಿಗೂ ಹಾನಿಯಾಗಬಹುದು. ಹುಣ್ಣು ಮಾಯುವುದು ಬೇರೆ, ರೋಗ ವಾಸಿಯಾಗುವುದು ಬೇರೆ. ಇದನ್ನು ರಕ್ತಪರೀಕ್ಷೆಯಿಂದ ಪತ್ತೆಮಾಡಬಹುದು. ಪೆನಿಸಿಲಿನ್ ಚುಚ್ಚುಮದ್ದಿನಿಂದ ಗುಣಪಡಿಸಬಹುದು.

ಮುಲಾಮಿನ ಎಚ್ಚರ

ಅಂಗಡಿಯಲ್ಲಿ ಕೇಳಿ ತಂದ ತುರಿಕೆಯ ಮುಲಾಮನ್ನು ಹಚ್ಚುವುದು ಇನ್ನೊಂದು ತಪ್ಪು. ಇವುಗಳಲ್ಲಿ ಅನೇಕವು ಸ್ಟಿರಾಯ್ಡ್ ಮಿಶ್ರಿತ. ವೃಷಣಚೀಲದ ತೆಳು ಚರ್ಮವು ಹೈಡ್ರೊಕಾರ್ಟಿಸೋನನ್ನು ಮುಂಗೈ ಚರ್ಮಕ್ಕಿಂತ ಸುಮಾರು 40 ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆಂದು 1967ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಸ್ಟಿರಾಯ್ಡಿನಿಂದ ತುರಿಕೆ ತಗ್ಗುತ್ತದೆ, ಆದರೆ ಶಿಲೀಂಧ್ರ ಹಬ್ಬುತ್ತದೆ. ಚರ್ಮ ಇನ್ನಷ್ಟು ತೆಳುವಾಗುತ್ತದೆ.

ವೈದ್ಯರ ಬಳಿಗೆ ಯಾವಾಗ?

ಬಹಳ ಕಾಲದಿಂದ ಇದ್ದು, ಒಂದೇ ಸಮನಾಗಿದ್ದು, ಬದಲಾಗದೆ ಉಳಿದದ್ದು ಬಹುಮಟ್ಟಿಗೆ ಸಹಜ. ಹೊಸದಾಗಿ ಬಂದದ್ದು, ಬೆಳೆಯುತ್ತಿರುವುದು, ಒಡೆದದ್ದು, ಸ್ರವಿಸುವುದು, ತೊಡೆಸಂದಿಯಲ್ಲಿ ಗಂಟು ಕಟ್ಟಿರುವುದು, ಮುಂದೊಗಲು ಬಿಳಿಚಿಕೊಂಡು ಬಿಗಿಯಾಗುತ್ತಿರುವುದು - ಇವನ್ನು ಚರ್ಮವೈದ್ಯರಿಗೆ ತೋರಿಸಬೇಕು. ಯಾವುದೇ ಹುಣ್ಣನ್ನು, ನೋವಿರಲಿ ಇಲ್ಲದಿರಲಿ, ಮಾಯುವವರೆಗೆ ಕಾಯದೆ ತೋರಿಸಬೇಕು. ವಾರಗಟ್ಟಲೆ ಮಾಯದ ಹುಣ್ಣು ಅಥವಾ ಗಂಟು ಕ್ಯಾನ್ಸರ್ ಕೂಡ ಆಗಿರಬಹುದು. ಲೈಂಗಿಕ ರೋಗವಾಗಿದ್ದರೆ ಸಂಗಾತಿಗೂ ಚಿಕಿತ್ಸೆಯ ಅಗತ್ಯವಿದೆಯೇ ಎಂದು ಕೇಳಿ ತಿಳಿಯಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಇದಕ್ಕೆ ತಪಾಸಣೆಯ ವ್ಯವಸ್ಥೆ ಇದೆ.

ಇಷ್ಟನ್ನು ತರಗತಿಯಲ್ಲಿ ಹೇಳಲು ಹತ್ತು ನಿಮಿಷ ಸಾಕು. ಕಿವಿ, ಮೂಗುಗಳ ವಿಷಯ ಹೇಳುವ ಧ್ವನಿಯಲ್ಲೇ ಶಿಕ್ಷಕರು ಇದನ್ನೂ ಹೇಳಿದರೆ, ಆ ಹುಡುಗ ಗೋಡೆಯ ಮೇಲಿನ ಜಾಹೀರಾತನ್ನು ಓದಿ ಮುಂದೆ ನಡೆದಾನು.