ನರ್ಸಬಾಯಿ

ಮುಖಂಡರು ಕಾಲವಾದರೆ ನಮ್ಮ ಪತ್ರಿಕೆಗಳು ಅಂಕಣಗಳನ್ನೇ ತೆರವು ಮಾಡುವವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಹಳ್ಳಿಗಳಲ್ಲಿ ಮೂವತ್ತಕ್ಕೂ ಮಿಕ್ಕಿದ ವರ್ಷ ದುಡಿದು, ಪೆನ್ಶನ್ ಪಡೆದು, ಈಚೆಗೆ ಮೊಮ್ಮಕ್ಕಳ ನಡುವೆ ಕಣ್ಣುಮುಚ್ಚಿದ ದಾದಿಯೊಬ್ಬರಿಗೆ ಒಂದು ಸಾಲೂ ದೊರೆಯಲಿಲ್ಲ. ಹೆಸರು ಅಚ್ಚಾಗುವುದು ಮನೆಯವರಿಗೆ ಸೇರದು. ಆದುದರಿಂದ ಜನರು ಕರೆಯುತ್ತಿದ್ದಂತೆ ನಾವೂ ಅವರನ್ನು ನರ್ಸಬಾಯಿ ಎಂದೇ ಕರೆಯುವೆವು.

ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದದ್ದು ಯೋಗ್ಯವೇ ಸರಿ. ಆದರೆ ಸಂಬಳ ಪಡೆದವರ ಸೇವೆಯು ಸೇವೆಯಲ್ಲವೆ? ತಿಂಗಳ ಪಗಾರ ಕೊಟ್ಟೊಡನೆ ಋಣ ತೀರಿತೆಂದು ಭಾವಿಸುವುದು ನಮ್ಮ ಸಮಾಜದ ದೊಡ್ಡ ಕೃಪಣತನ.

ಈ ಸೀಮೆಯ ಕಷ್ಟವೆಲ್ಲ ನೀರಿನದು. ಬಡಗಲಿಗೆ ಭೀಮೆ, ತೆಂಕಲಿಗೆ ಕೃಷ್ಣೆ. ನಡುವಣ ಎರೆಭೂಮಿಯ ಎಷ್ಟೋ ಹಳ್ಳಿಗಳಿಗೆ ಮೆಟ್ಟಿಲುಬಾವಿಯೇ ಗತಿಯಾಗಿದ್ದಿತು. ನಾರುಹುಣ್ಣು ಹಬ್ಬಿದುದೂ ಅದರಿಂದಲೇ. ಹುಣ್ಣಿದ್ದವನು ಬಾವಿಗೆ ಇಳಿದನೆಂದರೆ ಕಾಲಿನ ಹುಳವು ತನ್ನ ಮರಿಗಳನ್ನು ನೀರಿಗೆ ಬಿಡುವುದು. ನೀರಿನ ಸೂಕ್ಷ್ಮ ಜಂತುಗಳು ಅವನ್ನು ನುಂಗುವವು. ಆ ನೀರನ್ನು ಸೋಸದೆ ಕುಡಿದವನ ಮೈಯಿಂದ ಸುಮಾರು ಒಂದು ವರುಷಕ್ಕೆ ಎರಡು ಮೊಳದ ನಾರು ಹೊರಬೀಳುವುದು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯಬೇಕು. ಬಿತ್ತುವ ಹಂಗಾಮಿನಲ್ಲಿ ಒಕ್ಕಲಿಗನು ವಾರಗಟ್ಟಲೆ ಹಾಸಿಗೆ ಹಿಡಿದರೆ ಆ ಮನೆಯ ಗತಿಯೇನು?

ಇದಕ್ಕೆ ಔಷಧವೂ ಇಲ್ಲ, ಲಸಿಕೆಯೂ ಇಲ್ಲ. ಅರಿವೆಯಲ್ಲಿ ಸೋಸುವುದು, ಬಾವಿಗೆ ಇಳಿಯದಿರುವುದು, ಇಷ್ಟೇ ಉಪಾಯ. ಈ ಮಾತನ್ನು ಓಣಿ ಓಣಿಗೆ ಹೊತ್ತವರು ನರ್ಸಬಾಯಿಯಂಥವರು. “ನಮ್ಮ ಮುತ್ಯಾ ಇಳದ ಬಾವಿ ಇದು” ಎಂದು ಜನರು ಹಟ ಹಿಡಿದರೆ, “ಹುಣ್ಣಿದ್ದವರು ಇಳೀಬ್ಯಾಡ್ರೆವ್ವಾ, ಉಳದವರು ಸೋಸಿ ಕುಡೀರಿ” ಎಂದು ನೂರು ಸಲ ಹೇಳುವರು, ಬೈಗುಳವನ್ನೂ ತಿನ್ನುವರು. 1983-84ರಲ್ಲಿ ಈ ರೋಗದ ನಿರ್ಮೂಲನ ಕಾರ್ಯವನ್ನು ದೇಶವು ಕೈಕೊಂಡಿತು. ಕಡೆಯ ರೋಗಿ ಕಂಡುಬಂದುದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ಭಾರತವು ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು. ಇಲ್ಲವಾದ ರೋಗಕ್ಕೆ ಸ್ಮಾರಕವಿಲ್ಲ. ಅದನ್ನು ಇಲ್ಲವಾಗಿಸಿದವರ ಹೆಸರೂ ಅದರೊಡನೆಯೇ ಹೋಗುವುದು.

ನಟ್ಟಿರುಳಲ್ಲಿ ಪರರ ಬಾಣಂತನಕ್ಕೆ ಓಡುತ್ತಿದ್ದ ಈ ತಾಯಿಗೆ ತಮ್ಮ ಮಕ್ಕಳನ್ನು ಎತ್ತಿ ಆಡಿಸುವ ಪುಣ್ಯವಿರಲಿಲ್ಲ. ಅವರು ಬೆಳೆದುದು ತವರಿನಲ್ಲಿ. ನಿವೃತ್ತಿಯ ತರುವಾಯ ಆ ಬಾಕಿಯನ್ನೆಲ್ಲ ಮೊಮ್ಮಕ್ಕಳಿಗೆ ಬಡ್ಡಿಸಹಿತ ಸಲ್ಲಿಸಿದರು. ಎಣ್ಣೆ ಹಚ್ಚಿ ಎರೆಯುವುದೇನು, ಜ್ವರ ಬಂದರೆ ರಾತ್ರಿಯೆಲ್ಲ ಕುಳಿತಿರುವುದೇನು! ಮನೆಗೆ ನಳ ಬಂದ ಮೇಲೂ ಕೊಡದ ಬಾಯಿಗೆ ಬಿಳಿ ಅರಿವೆ ಕಟ್ಟುವುದನ್ನು ಬಿಡಲಿಲ್ಲ. ಮೊಮ್ಮಕ್ಕಳು ನಕ್ಕರೆ ತಾವೂ ನಗುವರು, ಅರಿವೆಯನ್ನು ಮಾತ್ರ ಬಿಚ್ಚಗೊಡರು.

ಅವರ ಸಹೋದ್ಯೋಗಿಗಳಲ್ಲಿ ಕೆಲವರು ಈ ನಾಲ್ಕು ತಾಲೂಕುಗಳಲ್ಲಿ ಇನ್ನೂ ಇರುವರು. ಯಾವ ಬಾವಿ, ಯಾವ ಓಣಿ, ಯಾರ ಮನೆ ಎಂಬುದೆಲ್ಲ ಅವರ ಬಾಯಲ್ಲಿದೆ. ಆರೋಗ್ಯ ಖಾತೆಯ ಅಧಿಕಾರಿಗಳು ಒಬ್ಬ ಗುಮಾಸ್ತನನ್ನು ಅವರ ಮನೆಗಳಿಗೆ ಕಳುಹಿ ಅದನ್ನು ಬರೆಯಿಸಿಡಬೇಕೆಂದು ನಾವು ಬೇಡುವೆವು.