ಕ್ಯಾಮರಾ, ಮಸೂರ ಮತ್ತು ನಡುವಣ ಉಂಗುರ

ಹೊಸ ಕ್ಯಾಮರಾ ಕೊಂಡುತಂದವನನ್ನು ಕಂಡೊಡನೆ ಜನರು ಕೇಳುವ ಮೊದಲ ಪ್ರಶ್ನೆ, ‘ಎಷ್ಟು ಮೆಗಾಪಿಕ್ಸೆಲ್?’ ಎಂಬುದು. ಎತ್ತನ್ನು ಕೊಳ್ಳುವವನು ಹಲ್ಲೆಣಿಸಿ ನೋಡುವಂತೆ, ಈ ಒಂದು ಸಂಖ್ಯೆಯಿಂದಲೇ ಯಂತ್ರದ ಯೋಗ್ಯತೆಯನ್ನು ಅಳೆಯುವುದು ವಾಡಿಕೆಯಾಗಿಬಿಟ್ಟಿದೆ. ಹಲ್ಲು ಎತ್ತಿನ ವಯಸ್ಸನ್ನು ತಿಳಿಸೀತು. ಅದು ನೊಗಕ್ಕೆ ಹೊಂದುವುದೋ ಇಲ್ಲವೋ ಎಂಬುದನ್ನು ತಿಳಿಸಲಾರದು. ಕ್ಯಾಮರಾದಲ್ಲಿಯೂ ನೊಗಕ್ಕೆ ಸಮಾನವಾದ ಒಂದು ಭಾಗವುಂಟು. ಅದು ಮಸೂರವು, ಎಂದರೆ ಲೆನ್ಸು, ಕ್ಯಾಮರಾದ ಒಡಲಿಗೆ ಬಂದು ಸೇರುವ ಬಾಯಿ. ಕೈಯಲ್ಲಿ ಈಗಾಗಲೇ ಕೆಲವು ಒಳ್ಳೆಯ ಮಸೂರಗಳಿದ್ದು, ಹೊಸ ಒಡಲನ್ನು ಮಾತ್ರ ಆರಿಸಬೇಕಾದವನಿಗೆ ಈ ಬಾಯಿಯ ವಿಚಾರವೇ ಮುಖ್ಯವಾದುದು. ವರ್ಷಗಟ್ಟಲೆ ಕೂಡಿಸಿದ ಹಣವು ಸಾರ್ಥಕವಾಗುವುದೂ ವ್ಯರ್ಥವಾಗುವುದೂ ಬಹುಮಟ್ಟಿಗೆ ಅಲ್ಲಿಯೇ.

ಮೊದಲು ‘ಪೂರ್ಣ ಚೌಕಟ್ಟು’ ಎಂಬ ಮಾತಿನ ಅರ್ಥವನ್ನು ನೋಡೋಣ. ಜರ್ಮನಿಯ ವೆಟ್ಸ್‌ಲಾರ್ ಪಟ್ಟಣದಲ್ಲಿ ಲೈಟ್ಸ್ ಕಾರ್ಖಾನೆಯ ಆಸ್ಕರ್ ಬಾರ್ನಾಕ್ ಎಂಬಾತನು 1914ರ ವೇಳೆಗೆ ಸಿನಿಮಾದ 35 ಮಿಲಿಮೀಟರ್ ಫಿಲ್ಮನ್ನು ಬಳಸುವ ಪುಟ್ಟ ಕ್ಯಾಮರಾವೊಂದನ್ನು ರಚಿಸಿದನು. ಸಿನಿಮಾದ ಚಿತ್ರವು 18 ಮಿಲಿಮೀಟರ್ ಎತ್ತರ, 24 ಮಿಲಿಮೀಟರ್ ಅಗಲ. ಅಂಥ ಎರಡನ್ನು ಕೂಡಿಸಿ ಆತನು 24ಕ್ಕೆ 36 ಮಿಲಿಮೀಟರಿನ ಚೌಕಟ್ಟನ್ನು ಪಡೆದನು. ಇದೇ ಕ್ಯಾಮರಾ 1925ರಲ್ಲಿ ಲೈಕಾ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ಫಿಲ್ಮು ಹೋಗಿ ಅದರ ಸ್ಥಾನಕ್ಕೆ ಸೆನ್ಸರ್ ಫಲಕ ಬಂದ ಮೇಲೂ ಆ ಅಳತೆ ಮಾತ್ರ ಹಾಗೆಯೇ ಉಳಿದಿದೆ. ಹಳೆಯ ಮಸೂರಗಳು ಇಂದಿನ ಕ್ಯಾಮರಾಗಳಿಗೂ ಉಪಯುಕ್ತವಾಗಿರುವುದಕ್ಕೆ ಇದೇ ಕಾರಣ.

ಈಗ ಒಂದು ನಿಜವಾದ ಸ್ಪರ್ಧೆಯನ್ನು ಉದಾಹರಣೆಯಾಗಿ ಎತ್ತಿಕೊಳ್ಳೋಣ. 2015ನೆಯ ವರ್ಷದಲ್ಲಿ ಜಪಾನಿನ ಎರಡು ಸಂಸ್ಥೆಗಳು ಅತಿ ಸೂಕ್ಷ್ಮ ವಿವರಗಳನ್ನು ಹಿಡಿಯಬಲ್ಲ ಕ್ಯಾಮರಾಗಳನ್ನು ಹೊರತಂದವು. ಕ್ಯಾನನ್ 5ಡಿಎಸ್ ಆರ್ ಎಂಬುದು 50.6 ಮೆಗಾಪಿಕ್ಸೆಲಿನದು, ಸೋನಿ ಎ7ಆರ್ 2 ಎಂಬುದು 42.4 ಮೆಗಾಪಿಕ್ಸೆಲಿನದು. ಮೇಲುನೋಟಕ್ಕೆ ಎಂಟು ದಶಲಕ್ಷ ಪಿಕ್ಸೆಲುಗಳ ಅಂತರವು ಭಾರಿಯಾಗಿ ಕಾಣುತ್ತದೆ. ಆದರೆ ಪಿಕ್ಸೆಲುಗಳು ಉದ್ದಕ್ಕೂ ಅಗಲಕ್ಕೂ ಹರಡಿಕೊಂಡಿರುವುದನ್ನು ಮರೆಯಬಾರದು. ಉದ್ದದ ಬದಿಯಲ್ಲಿ ಒಂದರಲ್ಲಿ 8688, ಇನ್ನೊಂದರಲ್ಲಿ 7952 ಪಿಕ್ಸೆಲುಗಳು. ಅಂಗುಲಕ್ಕೆ 300ರಂತೆ ಮುದ್ರಿಸಿದರೆ ಒಂದು ಚಿತ್ರವು ಸುಮಾರು 29 ಅಂಗುಲ, ಮತ್ತೊಂದು 26 ಅಂಗುಲವರೆ. ಶೇಕಡಾ ಒಂಬತ್ತರ ವ್ಯತ್ಯಾಸ, ಅಷ್ಟೆ! ಗೋಡೆಗೆ ತೂಗುಹಾಕಿದ ಎರಡು ಪಟಗಳಲ್ಲಿ ಇದನ್ನು ಗುರುತಿಸುವ ಕಣ್ಣು ವಿರಳ.

ಇವುಗಳ ನಿಜವಾದ ಭೇದವಿರುವುದು ಒಡಲಿನ ರಚನೆಯಲ್ಲಿ. ಕ್ಯಾನನ್ ಯಂತ್ರವು ಕನ್ನಡಿಯುಳ್ಳದ್ದು. ಮಸೂರದ ಹಿಂದೆ ಓರೆಯಾಗಿ ನಿಂತ ಕನ್ನಡಿಯೊಂದು ಬೆಳಕನ್ನು ಮೇಲಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ತೋರಿಸುತ್ತದೆ. ಚಿತ್ರ ತೆಗೆಯುವ ಕ್ಷಣದಲ್ಲಿ ಟಕ್ಕನೆ ಮೇಲೆದ್ದು ಫಲಕಕ್ಕೆ ದಾರಿ ಬಿಡುತ್ತದೆ. ಈ ಕನ್ನಡಿ ಆಡುವುದಕ್ಕೆ ಎಡೆ ಬೇಕಷ್ಟೆ. ಆದುದರಿಂದ ಮಸೂರವು ಬಂದು ಕೂರುವ ಲೋಹದ ಅಂಚಿನಿಂದ ಫಲಕದವರೆಗೆ ಕ್ಯಾನನ್ನಿನ ಇಎಫ್ ಕ್ಯಾಮರಾಗಳಲ್ಲಿ 44 ಮಿಲಿಮೀಟರ್, 1959ರಿಂದ ನಡೆದುಬಂದಿರುವ ನಿಕಾನ್ ಎಫ್ ಪದ್ಧತಿಯಲ್ಲಿ 46.5 ಮಿಲಿಮೀಟರ್ ದೂರವಿರುತ್ತದೆ. ಇದಕ್ಕೆ ಫ್ಲ್ಯಾಂಜ್ ದೂರವೆಂದು ಹೆಸರು. ಸೋನಿ ಯಂತ್ರದಲ್ಲಿ ಕನ್ನಡಿಯೇ ಇಲ್ಲ. ಅಲ್ಲಿ ಈ ದೂರ ಕೇವಲ 18 ಮಿಲಿಮೀಟರ್. 44ರಲ್ಲಿ 18ನ್ನು ಕಳೆದರೆ 26 ಉಳಿಯುತ್ತದೆ. ಅಷ್ಟು ಉದ್ದದ ಒಂದು ಟೊಳ್ಳು ಉಂಗುರವನ್ನು ನಡುವೆ ಇಟ್ಟರೆ, ಕ್ಯಾನನ್ ಮಸೂರವು ತಾನು ತನ್ನ ತವರಿನಲ್ಲಿಯೇ ಇರುವೆನೆಂದು ಭಾವಿಸಿ ಬಿಂಬವನ್ನು ಸರಿಯಾಗಿ ಫಲಕದ ಮೇಲೆ ಬೀಳಿಸುತ್ತದೆ. ಈ ಉಂಗುರವೇ ಅಡಾಪ್ಟರ್.

ಇದರ ವಿಪರ್ಯಾಸವು ಸಾಧ್ಯವಿಲ್ಲವೆಂಬುದನ್ನೂ ಗಮನಿಸಬೇಕು. 18 ಮಿಲಿಮೀಟರಿಗೆಂದು ಮಾಡಿದ ಮಸೂರವನ್ನು 44 ಮಿಲಿಮೀಟರಿನ ಕ್ಯಾಮರಾಕ್ಕೆ ಹೊಂದಿಸಲು ಋಣ ಉದ್ದದ ಉಂಗುರ ಬೇಕಾದೀತು! 1987ರಲ್ಲಿ ಕ್ಯಾನನ್ ಸಂಸ್ಥೆಯು ತನ್ನ ಹಳೆಯ ಎಫ್‌ಡಿ ಪದ್ಧತಿಯನ್ನು ಬಿಟ್ಟು ಇಎಫ್ ಪದ್ಧತಿಯನ್ನು ತಂದಾಗ ಇಂಥದೇ ತೊಡಕು ಉಂಟಾಯಿತು. ಹಳೆಯದರ ದೂರ 42, ಹೊಸದರದು 44. ಈ ಎರಡೇ ಮಿಲಿಮೀಟರಿನ ದೆಸೆಯಿಂದ, ನಡುವೆ ಬೇರೊಂದು ಗಾಜನ್ನು ಇಡದೆ ಹಳೆಯ ಮಸೂರಗಳಿಂದ ದೂರದ ದೃಶ್ಯವನ್ನು ಸ್ಫುಟವಾಗಿ ತೆಗೆಯಲು ಬಾರದಂತಾಯಿತು. ಕನ್ನಡಿಯಿಲ್ಲದ ಕ್ಯಾಮರಾಗಳು ಬಂದ ಮೇಲೆ ಅದೇ ಮಸೂರಗಳು ಬರಿಯ ಉಂಗುರದ ನೆರವಿನಿಂದ ಮತ್ತೆ ಜೀವ ತಳೆದಿವೆ.

ಟೊಳ್ಳು ಉಂಗುರದಲ್ಲಿ ಏನು ಮಹಾ ಕುಶಲತೆ ಎಂದು ಯಾರಾದರೂ ಕೇಳಬಹುದು. ನಾನೂ ಒಮ್ಮೆ ಹಾಗೆಯೇ ಎಣಿಸಿ ಅಗ್ಗದ ಉಂಗುರವೊಂದನ್ನು ಕೊಂಡಿದ್ದೆ. ಹತ್ತಿರದ ಹೂವು ಸೊಗಸಾಗಿ ಬಂದಿತು. ದೂರದ ಬೆಟ್ಟ ಮಾತ್ರ ಎಷ್ಟು ತಿರುಗಿಸಿದರೂ ಮಂಜಿನಲ್ಲಿ ಮುಳುಗಿದಂತೆಯೇ ಇದ್ದಿತು. ತಪ್ಪು ಮಸೂರದ್ದೆಂದು ಅದನ್ನೇ ಶಪಿಸಿದೆ. ಬಳಿಕ ಲೆಕ್ಕಮಾಡಿ ನೋಡಿದಾಗ ಕಾರಣ ತಿಳಿಯಿತು. ಶಾಲೆಯಲ್ಲಿ ಕಲಿಯುವ ಮಸೂರದ ಸೂತ್ರದಿಂದ ವಾಚಕರೂ ಇದನ್ನು ಸಾಧಿಸಬಹುದು. ಉಂಗುರವು ಇರಬೇಕಾದುದಕ್ಕಿಂತ ಉದ್ದವಾಗಿದ್ದರೆ, ನಾಭಿದೂರದ ವರ್ಗವನ್ನು ಆ ಹೆಚ್ಚುವರಿ ಉದ್ದದಿಂದ ಭಾಗಿಸಿದಾಗ ಬರುವ ದೂರಕ್ಕಿಂತ ಆಚೆಯ ಯಾವ ವಸ್ತುವೂ ಸ್ಫುಟವಾಗಿ ಬಾರದು. 50 ಮಿಲಿಮೀಟರ್ ನಾಭಿದೂರದ ಮಸೂರಕ್ಕೆ ಉಂಗುರವು 0.1 ಮಿಲಿಮೀಟರ್ ಉದ್ದವಾಗಿದ್ದರೆ, ಈ ಎಲ್ಲೆ 25 ಮೀಟರ್. 24 ಮಿಲಿಮೀಟರಿನ ವಿಶಾಲಕೋನ ಮಸೂರಕ್ಕಾದರೆ ಆರು ಮೀಟರಿಗೂ ಕಡಿಮೆ! ಬೆಟ್ಟವಿರಲಿ, ಎದುರುಮನೆಯೂ ಸಿಕ್ಕದು. ಇದಕ್ಕೆ ಹೆದರಿ ಅನೇಕ ತಯಾರಕರು ಉಂಗುರವನ್ನು ಬೇಕೆಂದೇ ಕೂದಲೆಳೆಯಷ್ಟು ಗಿಡ್ಡಮಾಡುತ್ತಾರೆ. ಆಗ ದೂರದ ದೃಶ್ಯವು ದೊರೆಯುವುದಾದರೂ ಮಸೂರದ ಮೇಲೆ ಕೊರೆದ ದೂರದ ಅಂಕೆಗಳು ಸುಳ್ಳಾಗುತ್ತವೆ.

ಉದ್ದಕ್ಕಿಂತಲೂ ಕುತ್ಸಿತವಾದ ದೋಷವೆಂದರೆ ಓರೆ. ಉಂಗುರದ ಎರಡು ಮುಖಗಳು ಸಮಾಂತರವಾಗಿಲ್ಲದಿದ್ದರೆ ಚಿತ್ರದ ಒಂದು ಅಂಚು ಸ್ಫುಟವಾಗಿಯೂ ಇನ್ನೊಂದು ಅಂಚು ಮಸುಕಾಗಿಯೂ ಬರುತ್ತದೆ. ಒಂದು ಅಂಚಿನಲ್ಲಿ 0.05 ಮಿಲಿಮೀಟರ್ ತಪ್ಪಿದೆ ಎನ್ನೋಣ. ರಂಧ್ರವನ್ನು ಎಫ್ 2.8ಕ್ಕೆ ತೆರೆದಿದ್ದರೆ ಅಲ್ಲಿ ಬಿಂದುವೊಂದು ಸುಮಾರು 18 ಮೈಕ್ರಾನಿನ ಚಕ್ರವಾಗಿ ಹರಡುತ್ತದೆ. ಸೋನಿಯ ಒಂದು ಪಿಕ್ಸೆಲು ನಾಲ್ಕೂವರೆ ಮೈಕ್ರಾನ್. ಎಂದರೆ ನಾಲ್ಕು ಪಿಕ್ಸೆಲುಗಳು ಒಂದಾಗಿ ಕಲೆಸಿಹೋದವು. ಲಕ್ಷಾಂತರ ರೂಪಾಯಿ ತೆತ್ತು ಪಡೆದ ಸೂಕ್ಷ್ಮತೆಯನ್ನು ಒಂದು ಉಂಗುರವು ನುಂಗಿ ನೀರು ಕುಡಿಯಿತು! ರಂಧ್ರವನ್ನು ಎಫ್ 8ಕ್ಕೆ ಕಿರಿದುಮಾಡಿದರೆ ಅದೇ ಚಕ್ರವು 6 ಮೈಕ್ರಾನಿಗೆ ಇಳಿದು ದೋಷವು ಹೆಚ್ಚುಕಡಮೆ ಮರೆಯಾಗುತ್ತದೆ. ಹಾಗೆಂದು ಇನ್ನೂ ಕಿರಿದುಮಾಡುತ್ತ ಹೋಗುವಂತಿಲ್ಲ. ಬೆಳಕಿನ ವಿವರ್ತನೆಯಿಂದಾಗಿ ಎಂಥ ಉತ್ತಮ ಮಸೂರದಲ್ಲಿಯೂ ಬಿಂದುವು ಪುಟ್ಟ ಬಿಲ್ಲೆಯಾಗಿ ಮೂಡುತ್ತದೆ. ಹಸುರು ಬೆಳಕಿಗೆ ಇದರ ವ್ಯಾಸ ಎಫ್ 8ರಲ್ಲಿ ಸುಮಾರು 11 ಮೈಕ್ರಾನ್, ಎಫ್ 16ರಲ್ಲಿ 21. ಒಂದು ಕೇಡನ್ನು ತಪ್ಪಿಸಿಕೊಳ್ಳಹೋಗಿ ಇನ್ನೊಂದರ ಬಾಯಿಗೆ ಬೀಳುವುದೆಂದರೆ ಇದೇ. ಎಫ್ 5.6ರಿಂದ 8ರವರೆಗಿನ ಕಿರಿದಾದ ಓಣಿಯಲ್ಲಿಯೇ ಇಂಥ ಜೋಡಿಯನ್ನು ನಡೆಸಬೇಕು.

ಉಂಗುರವು ಲೋಹವನ್ನಷ್ಟೇ ಅಲ್ಲದೆ ಆಜ್ಞೆಗಳನ್ನೂ ಜೋಡಿಸಬೇಕಾದ ಸಂದರ್ಭವುಂಟು. ಇಎಫ್ ಮಸೂರಗಳಲ್ಲಿ ರಂಧ್ರವನ್ನು ಕಿರಿದುಮಾಡುವುದು ವಿದ್ಯುತ್ತಿನಿಂದ; ಆದುದರಿಂದ ಅಡಾಪ್ಟರಿನಲ್ಲಿ ಎರಡು ಕ್ಯಾಮರಾಭಾಷೆಗಳನ್ನು ಬಲ್ಲ ದುಭಾಷಿಯೊಬ್ಬನು, ಎಂದರೆ ಒಂದು ಮಂಡಲವು, ಕುಳಿತಿರಬೇಕು. ಆತನು ತಡವರಿಸಿದರೆ ತಾನಾಗಿ ಸ್ಫುಟಗೊಳ್ಳುವ ಕ್ರಿಯೆಯೂ ತಡವರಿಸುತ್ತದೆ. ನಿಕಾನ್ ಸಂಸ್ಥೆಯು 2018ರಲ್ಲಿ ಹೊರತಂದ ಎಫ್‌ಟಿಝೆಡ್ ಉಂಗುರದಲ್ಲಿ ಮೋಟಾರಿಲ್ಲ. ಕ್ಯಾಮರಾದ ಒಡಲಿನ ಮೋಟಾರನ್ನೇ ನಂಬಿದ್ದ ಹಳೆಯ ಎಎಫ್-ಡಿ ಮಸೂರಗಳನ್ನು ಅದರ ಮೇಲೆ ಕೈಯಿಂದಲೇ ತಿರುಗಿಸಬೇಕು. ಪೆಂಟಾಕ್ಸ್, ಪ್ರಾಕ್ಟಿಕಾ, ಜೆನಿತ್ ಕ್ಯಾಮರಾಗಳಿಗೆ ತಿರುಪಿನಿಂದ ಸೇರುತ್ತಿದ್ದ 42 ಮಿಲಿಮೀಟರ್ ವ್ಯಾಸದ ಹಳೆಯ ಮಸೂರಗಳಿಗೆ ಈ ಗೋಜಿಲ್ಲ. ಅವುಗಳ ರಂಧ್ರದ ಬಳೆ ಅವುಗಳ ಮೈಮೇಲೆಯೇ ಇದೆ. ಮನೆಯ ಬೀರುವಿನಲ್ಲಿ ಅಂಥದೊಂದು ದೊರೆತರೆ ಗುಜರಿಗೆ ಹಾಕಬೇಡಿರಿ.

ಹಾಗಾದರೆ ಇಎಫ್ ಮಸೂರಗಳುಳ್ಳವನು 2015ರಲ್ಲಿ ಯಾವುದನ್ನು ಆರಿಸಬೇಕಾಗಿದ್ದಿತು? ಹಾರುವ ಹಕ್ಕಿಯನ್ನು ಬೆನ್ನಟ್ಟುವವನಿಗೆ ಕ್ಯಾನನ್ನೇ ತಕ್ಕುದು; ಅಲ್ಲಿ ನಡುವೆ ಯಾವ ದುಭಾಷಿಯೂ ಇಲ್ಲ. ಮುಕ್ಕಾಲಿಯ ಮೇಲೆ ಕ್ಯಾಮರಾವನ್ನಿಟ್ಟು ಬೆಟ್ಟವನ್ನೋ ಕಲ್ಲಿನ ಕೆತ್ತನೆಯನ್ನೋ ತಾಳ್ಮೆಯಿಂದ ತೆಗೆಯುವವನಿಗೆ ಸೋನಿಯೇ ಮೇಲೆಂದು ನನ್ನ ಎಣಿಕೆ. ದಟ್ಟವಾದ ನೆರಳಿನೊಳಗಿನ ವಿವರವನ್ನು ಅದರ ಫಲಕ ಹೆಚ್ಚಾಗಿ ಉಳಿಸಿಕೊಳ್ಳುತ್ತಿದ್ದಿತು. ಅಲ್ಲದೆ ಫಲಕದ ಮೇಲೆ ಬಿದ್ದ ಬಿಂಬವನ್ನೇ ಹಿಗ್ಗಿಸಿ ಕಣ್ಣಿಗೆ ತೋರಿಸುವುದರಿಂದ, ಕೈಯಿಂದ ಸ್ಫುಟಗೊಳಿಸುವುದು ಅದರಲ್ಲಿ ಬಲು ಸುಲಭ. 2018ರಲ್ಲಿ ಕ್ಯಾನನ್ 20 ಮಿಲಿಮೀಟರಿನ, ನಿಕಾನ್ 16 ಮಿಲಿಮೀಟರಿನ ಫ್ಲ್ಯಾಂಜ್ ದೂರವುಳ್ಳ ಕನ್ನಡಿರಹಿತ ಪದ್ಧತಿಗಳನ್ನು ತಾವೂ ತಂದವು. ಆ ಬಳಿಕ ಪ್ರತಿಯೊಬ್ಬನಿಗೂ ತನ್ನ ಮಸೂರದ ಮನೆತನದವರೇ ಮಾಡಿದ ಉಂಗುರ ದೊರೆಯುವಂತಾಯಿತು. ಇಂದು ಹಳೆಯ ಇಎಫ್ ಮಸೂರಗಳಿರುವವನು 61 ಮೆಗಾಪಿಕ್ಸೆಲಿನ ಸೋನಿಗೆ ಮರುಳಾಗುವುದಕ್ಕಿಂತ 45 ಮೆಗಾಪಿಕ್ಸೆಲಿನ ಕ್ಯಾನನ್ ಆರ್5ನ್ನು ಮೊದಲು ನೋಡುವುದು ಜಾಣತನ.

ಲೈಕಾದ ವಿಶಾಲಕೋನ ಮಸೂರಗಳನ್ನು ಬಳಸಬೇಕೆಂಬವರಿಗೆ ಒಂದು ಮಾತು. ಅವುಗಳ ಹಿಂಬದಿಯ ಗಾಜು ಫಲಕಕ್ಕೆ ತೀರ ಸಮೀಪ ಬರುವುದರಿಂದ ಬೆಳಕು ಮೂಲೆಗಳನ್ನು ಬಹಳ ಓರೆಯಾಗಿ ಹೊಕ್ಕುತ್ತದೆ. ಫಲಕದ ಮುಂದಿರುವ ಗಾಜಿನ ಹೊದಿಕೆ ದಪ್ಪವಾಗಿದ್ದಷ್ಟೂ ಅಲ್ಲಿ ವಕ್ರೀಭವನ ಹೆಚ್ಚಿ ಮೂಲೆಗಳು ಕದಡುತ್ತವೆ. ಲೈಕಾ ತನ್ನ ಹೊದಿಕೆಯನ್ನು ತೆಳುವಾಗಿಟ್ಟಿದೆ, ಸೋನಿಯದು ದಪ್ಪ. ಇದನ್ನು ಯಾವ ಉಂಗುರವೂ ಸರಿಪಡಿಸಲಾರದು.

ಉಂಗುರವನ್ನು ಪರೀಕ್ಷಿಸಲು ಉಪಕರಣವೇನೂ ಬೇಡ. ರಾತ್ರಿ ದೂರದಲ್ಲಿ ಉರಿಯುವ ಒಂಟಿ ದೀಪವೊಂದನ್ನು ಆರಿಸಿಕೊಂಡು, ರಂಧ್ರವನ್ನು ಪೂರ್ತಿ ತೆರೆದು, ದೀಪವನ್ನು ನಡುವಿನಲ್ಲಿಟ್ಟು ಸ್ಫುಟಗೊಳಿಸಿರಿ. ಆಮೇಲೆ ಮಸೂರವನ್ನು ತಿರುಗಿಸದೆ, ಅದೇ ದೀಪವು ನಾಲ್ಕು ಮೂಲೆಗಳಲ್ಲಿ ಬೀಳುವಂತೆ ನಾಲ್ಕು ಚಿತ್ರಗಳನ್ನು ತೆಗೆಯಿರಿ. ನಾಲ್ಕು ಮೂಲೆಗಳೂ ಒಂದೇ ಬಗೆಯಾಗಿ ಕೆಟ್ಟಿದ್ದರೆ ಅದು ಮಸೂರದ ಸ್ವಭಾವ. ಒಂದೇ ಪಕ್ಕ ಕೆಟ್ಟಿದ್ದರೆ, ಅಂಗಡಿಗೆ ಹಿಂದಿರುಗಿಸುವ ಮುನ್ನ ಉಂಗುರವಿಲ್ಲದೆ ನೇರವಾಗಿ ಕೂರುವ ಬೇರೊಂದು ಮಸೂರದಿಂದ ಅದೇ ನಾಲ್ಕು ಚಿತ್ರಗಳನ್ನು ಮತ್ತೊಮ್ಮೆ ತೆಗೆದು ನೋಡಿರಿ. ಓರೆಯು ಕ್ಯಾಮರಾದ ಬಾಯಿಯಲ್ಲಿಯೇ ಇದ್ದಿರಬಹುದು.